ಕಲಿಸೋ ಗಂಟೆಗೆ ಕೂಲಿ ಯಾರು ಕೊಡೋದು?

ಕೆಲವು ವಾರಗಳ ಹಿಂದೆ ನನ್ನ ಜೊತೆ ಮರಗೆಲಸ ಮಾಡೋ ಹುಡುಗ ಒಂದು ಪ್ಲೈವುಡ್ ಶೀಟ್ ಹಾಳು ಮಾಡ್ದ. ಎಂಟಡಿ ನಾಲ್ಕಡಿ ಶೀಟು, ಅಂದ್ರೆ 2440ಕ್ಕೆ 1220 ಮಿಲಿಮೀಟರ್, ಅಗಲದಲ್ಲಿ ನಾಲ್ಕು ಸಮ ಪಟ್ಟಿ ಮಾಡಿಡು ಅಂತ ಹೇಳಿ ನಾನು ಫಿಟಿಂಗ್ ಕಡೆ ಹೋಗಿದ್ದೆ. ಅವನು 1220ನ ನಾಲ್ಕರಿಂದ ಭಾಗಿಸಿದಾನೆ, 305 ಬಂದಿದೆ, ಮಶೀನಿನ ಫೆನ್ಸ್, ಅಂದ್ರೆ ಮರ ಒರಗಿಸಿ ತಳ್ಳೋ ಪಟ್ಟಿ, ಅಲ್ಲಿಗೇ ಕೂರಿಸಿ ಮೂರು ಸಲ ಕಟ್ ಹೊಡೆದಿದಾನೆ. ಮೂರು ಪಟ್ಟಿ 305 ಸರಿಯಾಗಿ ಬಂದಿದೆ, ನಾಲ್ಕನೇದು 296. ಪ್ರತಿ ಕಟ್‌ಗೂ ಬ್ಲೇಡ್ ತನ್ನ ದಪ್ಪದಷ್ಟು, ಸುಮಾರು 3 ಮಿಲಿಮೀಟರ್, ಮರ ತಿಂದು ಪುಡಿ ಮಾಡತ್ತೆ, ಮೂರು ಕಟ್‌ಗೆ 9 ಹೋಯ್ತು, ಆ 9ನ ಮೊದಲೇ ಕಳೆದು ಆಮೇಲೆ ಭಾಗಿಸಬೇಕು. ಒಂದೊಂದು 302 ಮುಕ್ಕಾಲು ಬರತ್ತೆ, 302ಕ್ಕೆ ಹಿಡಿದ್ರೆ ಚೂರು ಉಳಿಯತ್ತೆ, ಅಷ್ಟೇ ವಿಷಯ.

ಬೈಯೋಕೆ ಅಂತ ಬಾಯಿ ತೆಗೆದವನು ಅಲ್ಲೇ ನಿಂತೆ. ಯಾಕಂದ್ರೆ ಹುಡುಗ ಬಂದು ಹತ್ತು ತಿಂಗಳಾಯ್ತು, ಈ ಹತ್ತು ತಿಂಗಳಲ್ಲಿ ಬ್ಲೇಡ್ ಮರ ತಿನ್ನತ್ತೆ ಅಂತ ನಾನು ಒಂದು ದಿನಾನೂ ಅವನನ್ನ ಪಕ್ಕಕ್ಕೆ ನಿಲ್ಲಿಸಿಕೊಂಡು ಹೇಳಿಲ್ಲ. ಶೀಟ್ ಹಿಡ್ಕೋ, ಗಮ್ ಹಚ್ಚು, ಕ್ಲಾಂಪ್ ಕೊಡು, ಸ್ಯಾಂಡ್ ಪೇಪರ್ ಉಜ್ಜು, ಗುಡಿಸು, ಇಷ್ಟೇ ಹೇಳಿರೋದು. ಅವನು ಇಷ್ಟನ್ನ ಚೆನ್ನಾಗಿ ಕಲ್ತಿದಾನೆ. ಕಲಿಸದೇ ಇರೋದನ್ನ ಕಲ್ತಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಂದ್ರೆ ನಂಬಿ, ಶೀಟ್ ಹೋಯ್ತು ಅಂತಲ್ಲ, ನನಗೆ ಕೆಲಸ ಕಲಿಸಿದ ಮೇಸ್ತ್ರಿ ನೆನಪಾದ್ರು, ಅದಕ್ಕೆ.

ನಾನು ಸೇರಿದಾಗ ಆ ಮೇಸ್ತ್ರಿ ಮೊದಲ ಕೆಲವು ತಿಂಗಳು ನನಗೆ ಕೊಟ್ಟ ಮುಖ್ಯ ಕೆಲಸ ಉಳಿ ಸಾಣೆ ಹಿಡಿಯೋದು. ಸಾಣೆಕಲ್ಲಿನ ಮೇಲೆ ಉಳಿಯ ಬೆನ್ನನ್ನ ಮೊದಲು ಚಪ್ಪಟೆ ಮಾಡು, ಆಮೇಲೆ 25 ಡಿಗ್ರಿ ಇಳಿಜಾರು, ತುದಿಗೆ ಮಾತ್ರ 30ರ ಹತ್ರ ಇನ್ನೊಂದು ಸಣ್ಣ ಇಳಿಜಾರು, ಅಂಚಲ್ಲಿ ಲೋಹದ ಸಣ್ಣ ಸಿಬಿರು ಏಳೋವರೆಗೂ ಉಜ್ಜು, ಏಳ್ತು ಅಂದ್ರೆ ಬೆನ್ನು ತಿರುಗಿಸಿ ಅದನ್ನ ತೆಗಿ. ದಿನಾ ಇದೇ. ಬೆರಳ ತುದಿ ಸವೆದು ಉರಿ ಬರ್ತಿತ್ತು. ಹದ ಆಯ್ತಾ ಇಲ್ವಾ ನೋಡೋಕೆ ಮರದ ಅಡ್ಡ ತುದಿನ, ಅಂದ್ರೆ ಎಳೆಗಳ ತಲೆ ಕಾಣೋ ಕಡೆನ, ಉಳಿಯಲ್ಲಿ ಕೈಯೊತ್ತಡದಿಂದಲೇ ಹೆರೆಯೋಕೆ ಹೇಳೋರು. ಮೊಂಡು ಉಳಿ ಆದ್ರೆ ಎಳೆಗಳು ಮುರಿದು ಪುಡಿಪುಡಿ ಆಗತ್ತೆ, ಹರಿತ ಇದ್ರೆ ಗಾಜಿನ ಹಾಗೆ ಮಿನುಗತ್ತೆ. ನನ್ನದು ಮೊದಲ ಸಲ ಮಿನುಗಿದ ದಿನ ಅವರು ಏನೂ ಹೇಳಲಿಲ್ಲ, ಮಾರನೇ ದಿನ ತಮ್ಮ ಸ್ವಂತ ಉಳಿಗಳನ್ನ ನನ್ನ ಮುಂದೆ ಇಟ್ರು.

ಅವರು ದಿನಗೂಲಿ ಲೆಕ್ಕದಲ್ಲಿ ಕೆಲಸ ಮಾಡ್ತಿದ್ರು. ಈ ಒಂದು ಮಾತು ಮುಖ್ಯ, ಅದಕ್ಕೇ ಬೇರೆಯಾಗಿ ಹೇಳ್ತಾ ಇದೀನಿ. ದಿನಗೂಲಿ ಅಂದ್ರೆ ಅರ್ಧ ಗಂಟೆ ನನಗೆ ತೋರಿಸೋಕೆ ಕೂತ್ರೂ ಅವರ ಸಂಜೆಯ ಕೂಲಿ ಕಮ್ಮಿ ಆಗ್ತಿರಲಿಲ್ಲ. ನಾನು ಇವತ್ತು ಮಾಡೋದು ಸ್ಕ್ವೇರ್ ಫೀಟ್ ಲೆಕ್ಕದ ಕಾಂಟ್ರ್ಯಾಕ್ಟ್. ಇಲ್ಲಿ ಅರ್ಧ ಗಂಟೆ ಕಲಿಸಿದ್ರೆ ಆ ಅರ್ಧ ಗಂಟೆ ನನ್ನ ಜೇಬಿಂದಲೇ ಹೋಗತ್ತೆ. ಹುಡುಗ ನಿಧಾನ ಮಾಡಿದ್ರೂ, ತಪ್ಪು ಮಾಡಿದ್ರೂ ನನ್ನ ಜೇಬಿಂದಲೇ. ಹಾಗಾಗಿ ನಾನೇ ಕಟಿಂಗ್ ಮಾಡ್ತೀನಿ, ನಾನೇ ಅಳತೆ ಹಾಕ್ತೀನಿ, ಅವನು ಹಿಡ್ಕೊಂಡು ನಿಂತಿರ್ತಾನೆ. ಕೂಲಿ ಕೊಡೋ ರೀತಿ ಬದಲಾದ್ರೆ ಕಲಿಯೋ ರೀತಿಯೂ ಬದಲಾಗಿಬಿಡತ್ತೆ ಅಂತ ನನಗೆ ಹೊಳೆಯೋಕೆ ಒಂದು ಶೀಟ್ ಹಾಳಾಗಬೇಕಾಯ್ತು.

ಈ ಸ್ಕ್ವೇರ್ ಫೀಟ್ ಲೆಕ್ಕ ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಏಳಡಿ ಎತ್ತರ ಆರಡಿ ಅಗಲದ ವಾರ್ಡ್‌ರೋಬ್, ಮುಂಭಾಗ 42 ಸ್ಕ್ವೇರ್ ಫೀಟು, ಅಷ್ಟಕ್ಕೆ ರೇಟ್ ಗುಣಿಸಿದ್ರೆ ಕೂಲಿ. ಒಳಗೆ ಬರೀ ಮೂರು ಶೆಲ್ಫ್ ಹೊಡೆದ್ರೂ 42, ಎಂಟು ಡ್ರಾಯರ್ ಕೂರಿಸಿದ್ರೂ 42. ಡ್ರಾಯರ್ ಅಂದ್ರೆ ಒಂದೊಂದೂ ಒಂದು ಪೆಟ್ಟಿಗೆ, ಐದು ಪೀಸು, ಮೇಲೆ ಮುಖದ ಪೀಸು, ಎರಡು ಚಾನೆಲ್ಲು, ಅಂದ್ರೆ ಡ್ರಾಯರ್ ಜಾರೋ ಹಳಿ. ಸಾಮಾನ್ಯವಾಗಿ ಸಿಗೋ ಬಾಲ್ ಬೇರಿಂಗ್ ಚಾನೆಲ್‌ಗೆ ಒಂದೊಂದು ಪಕ್ಕ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರ್ ಜಾಗ ಬೇಕು, ಒಳಗಿನ ಬಾಯಿ 450 ಇದ್ರೆ ಡ್ರಾಯರ್ ಹೊರ ಅಗಲ 424, 425ಕ್ಕೆ ಬರಬೇಕು. ಅದು 427 ಆದ್ರೆ ಚಾನೆಲ್ ಹಿಡ್ಕೊಂಡು ಬಿಗಿಯಾಗತ್ತೆ, 421 ಆದ್ರೆ ಚಾನೆಲ್ ಹಿಂದೆ ಪಟ್ಟಿ ತುಂಬಬೇಕು, ಇಲ್ಲಾಂದ್ರೆ ಜಾರೋದೇ ಇಲ್ಲ. ಎಂಟು ಡ್ರಾಯರ್ ಹೀಗೆ ಮಾಡೋಕೆ ಇಡೀ ವಾರ್ಡ್‌ರೋಬ್ ಮಾಡಿದಷ್ಟೇ ಸಮಯ ಹೋಗತ್ತೆ. ಅದಕ್ಕೆ ಈ ಲೈನಿಗೆ ಹೊಸದಾಗಿ ಬಂದು ಕಾಂಟ್ರ್ಯಾಕ್ಟ್ ಹಿಡಿಯೋರಿಗೆ ನನ್ನ ಮೊದಲ ಮಾತು, ಡ್ರಾಯರ್‌ಗೆ ಬೇರೆ ರೇಟ್ ಹೇಳಿ, ಒಂದೊಂದಕ್ಕೆ ಇಷ್ಟು ಅಂತ. ನಾನು ಸುಮಾರು ವರ್ಷ ಹೇಳದೇ ಮಾಡಿದೀನಿ, ಎಷ್ಟು ರಾತ್ರಿ ಲೈಟ್ ಹಾಕ್ಕೊಂಡು ಬಿಟ್ಟಿ ಕೆಲಸ ಮಾಡಿದೀನಿ ಅಂತ ಈಗ ಲೆಕ್ಕ ಹಾಕಿದ್ರೆ ಹೊಟ್ಟೆ ಉರಿಯತ್ತೆ.

ದಿನಗೂಲಿಯಲ್ಲೂ ಕಷ್ಟ ಇಲ್ಲ ಅಂತಲ್ಲ. ಕೆಲಸ ಇದ್ದ ದಿನ ದುಡ್ಡು, ಇಲ್ಲದ ದಿನ ಸೊನ್ನೆ. ಜ್ವರ ಬಂದ್ರೆ ಸೊನ್ನೆ, ಬೆರಳು ಕುಯ್ಕೊಂಡು ಹೊಲಿಗೆ ಹಾಕಿಸಿಕೊಂಡು ಹತ್ತು ದಿನ ಮನೇಲಿ ಕೂತ್ರೆ ಹತ್ತು ದಿನವೂ ಸೊನ್ನೆ. ಫ್ಯಾಕ್ಟರಿಯಲ್ಲಿ ತಿಂಗಳ ಸಂಬಳಕ್ಕೆ ಸೇರಿದವರಿಗೆ ಆ ಭಯ ಕಮ್ಮಿ, ಆದ್ರೆ ಅಲ್ಲಿ ಒಬ್ಬ ವರ್ಷಾನುಗಟ್ಟಲೆ ಶೀಟಿನ ಅಂಚಿಗೆ ಪಟ್ಟಿ ಅಂಟಿಸೋ ಎಡ್ಜ್ ಬ್ಯಾಂಡಿಂಗ್ ಮಶೀನ್ ಒಂದನ್ನೇ ನೋಡ್ಕೊಂಡಿರ್ತಾನೆ, ಹೊರಗೆ ಬಂದು ಒಂದು ಬಾಗಿಲು ಕೂರಿಸು ಅಂದ್ರೆ ಕೈ ಓಡಲ್ಲ. ಯಾವುದು ಒಳ್ಳೇದು ಅಂತ ಕೇಳಿದ್ರೆ, ಕಲಿಯೋ ವಯಸ್ಸಲ್ಲಿ ದಿನಗೂಲಿ ಮೇಸ್ತ್ರಿ ಹತ್ರ ಇರಿ, ಕೈಗೆ ಕೆಲಸ ಬಂದಮೇಲೆ ಕಾಂಟ್ರ್ಯಾಕ್ಟ್ ಹಿಡೀರಿ ಅಂತೀನಿ.

ಕಲಿಯೋಕೆ ಎಷ್ಟು ವರ್ಷ ಬೇಕು ಅಂತ ತುಂಬ ಜನ ಕೇಳ್ತಾರೆ. ಇಂಗ್ಲೆಂಡಲ್ಲಿ 1563ರಲ್ಲೇ ಒಂದು ಕಾನೂನು ಬಂದಿತ್ತು, ಕಸುಬು ಮಾಡಬೇಕು ಅಂದ್ರೆ ಏಳು ವರ್ಷ ಶಿಷ್ಯನಾಗಿ ದುಡಿದಿರಬೇಕು ಅಂತ, ಆ ನಿಯಮ ತೆಗೆದಿದ್ದು 1814ರಲ್ಲಿ. ಜರ್ಮನಿಯಲ್ಲಿ ಇವತ್ತಿಗೂ ಮರಗೆಲಸದ ತರಬೇತಿ ಮೂರು ವರ್ಷದ್ದು, ಹುಡುಗ ವರ್ಕ್‌ಶಾಪಲ್ಲಿ ದುಡೀತಾನೆ, ಜೊತೆಗೆ ವೃತ್ತಿ ಶಾಲೆಗೂ ಹೋಗ್ತಾನೆ, ಕಲಿಯೋ ಅಷ್ಟೂ ಕಾಲ ಮಾಲೀಕ ಅವನಿಗೆ ಸಂಬಳ ಕೊಡ್ತಾನೆ. ಮುಗಿದಮೇಲೆ ಕೆಲವರು ಕರೀ ಕಾರ್ಡುರಾಯ್ ಬಟ್ಟೆ ಹಾಕ್ಕೊಂಡು ಊರೂರು ತಿರುಗಿ ಬೇರೆಬೇರೆ ಮೇಸ್ತ್ರಿಗಳ ಹತ್ರ ಕೆಲಸ ಮಾಡ್ತಾರೆ, ಮೂರು ವರ್ಷ ಒಂದು ದಿನ, ಅಲ್ಲೀವರೆಗೂ ಸ್ವಂತ ಊರಿಂದ 50 ಕಿಲೋಮೀಟರ್ ಒಳಗೆ ಕಾಲಿಡೋ ಹಾಗಿಲ್ಲ. ಇದನ್ನ ಓದಿದಾಗ ನನಗೆ ಆ ಬಟ್ಟೆಗಿಂತ ಆ ಸಂಬಳದ ವಿಷಯ ಹಿಡಿಸ್ತು. ಕಲಿಯೋದೂ ಕೆಲಸ, ಕಲಿಸೋದೂ ಕೆಲಸ, ಎರಡಕ್ಕೂ ದುಡ್ಡಿನ ಲೆಕ್ಕ ಇದೆ ಅಂತ ಒಪ್ಪಿಕೊಂಡಿರೋ ವ್ಯವಸ್ಥೆ ಅದು.

ನನ್ನ ಅನುಭವದಲ್ಲಿ ಮಶೀನ್ ಓಡಿಸೋದು ಆರು ತಿಂಗಳಲ್ಲಿ ಬರತ್ತೆ. ಮರ ಅರ್ಥ ಆಗೋಕೆ ಮಾತ್ರ ವರ್ಷಗಳೇ ಬೇಕು. ಮರ ಕಡಿದಮೇಲೂ ಸುಮ್ಮನೆ ಇರಲ್ಲ. ಗಾಳಿಯಲ್ಲಿ ತೇವ ಇದ್ರೆ ಹೀರ್ಕೊಂಡು ಅಗಲ ಆಗತ್ತೆ, ಒಣ ಹವೆಯಲ್ಲಿ ಕುಗ್ಗತ್ತೆ, ಉದ್ದಕ್ಕೆ ಹೆಚ್ಚೂ ಕಮ್ಮಿ ಏನೂ ಆಗಲ್ಲ, ಅಗಲಕ್ಕೆ ಮಾತ್ರ ಆಗತ್ತೆ, ಅದರಲ್ಲೂ ವರ್ಷದ ಉಂಗುರಗಳ ಜೊತೆಜೊತೆಗೆ ಹೋಗೋ ದಿಕ್ಕಲ್ಲಿ ತಿರುಳಿಂದ ತೊಗಟೆ ಕಡೆ ಹೋಗೋ ದಿಕ್ಕಿನ ಸುಮಾರು ಎರಡರಷ್ಟು. ಹಲಗೆಗಳು ಬಟ್ಟಲು ಥರ ಬಾಗೋದು ಇದರಿಂದಲೇ. ಮರದ ತೇವ ನೂರಕ್ಕೆ ನಾಲ್ಕು ಭಾಗ ಏರಿಳಿದ್ರೆ ಅಗಲ ನೂರಕ್ಕೆ ಒಂದು ಭಾಗ ಬದಲಾಗತ್ತೆ ಅಂತ ಒಂದು ಅಂದಾಜಿನ ಲೆಕ್ಕ ಇಟ್ಕೋಬಹುದು. 300 ಮಿಲಿಮೀಟರ್ ಹಲಗೆ ಆದ್ರೆ 3 ಮಿಲಿಮೀಟರ್, ಅಂಥ ಮೂರು ಹಲಗೆ ಜೋಡಿಸಿದ ಟೇಬಲ್ ಮೇಲ್ಭಾಗ 9 ಮಿಲಿಮೀಟರ್ ಆಡತ್ತೆ. ಅದನ್ನ ಕೆಳಗಿನ ಫ್ರೇಮಿಗೆ ಸುತ್ತಲೂ ಸ್ಕ್ರೂ ಹೊಡೆದು ಬಿಗಿದುಬಿಟ್ರೆ ಮರ ಕಾಯಲ್ಲ, ಸೀಳ್ಕೊಳ್ಳತ್ತೆ. ಸ್ಕ್ರೂ ತೂತನ್ನ ಉದ್ದುದ್ದ ಮಾಡಬೇಕು, ಅಥವಾ ಮರದ ಸಣ್ಣ ಕ್ಲಿಪ್ ಮಾಡಿ ಫ್ರೇಮಲ್ಲಿ ಕೊರೆದ ಉದ್ದ ತೋಡಿನಲ್ಲಿ ಕೂರಿಸಬೇಕು, ಜಾರೋಕೆ ಜಾಗ ಕೊಡಬೇಕು.

ನಾನು ಈ ಪಾಠ ಕಲ್ತಿದ್ದು ಒಂದು ಬಾಗಿಲಿಂದ. ಸ್ವಂತವಾಗಿ ಹಿಡಿದ ಮೊದಮೊದಲ ಕೆಲಸ. ಮರ ಒಣಗಿದೆ ಅಂತ ಮಾರಿದವರು ಹೇಳಿದ್ರು, ನಾನು ನಂಬಿದೆ. ಗಾಳಿಯಲ್ಲಿ ಒಣಗಿಸೋ ಹಲಗೆಗೆ ಒಂದಿಂಚು ದಪ್ಪಕ್ಕೆ ಒಂದು ವರ್ಷ ಅಂತ ಹಳಬರು ಲೆಕ್ಕ ಹೇಳ್ತಾರೆ, ಅದು ಒಂದೂವರೆ ಇಂಚಿನ ಮರ, ಎಷ್ಟು ದಿನ ಒಣಗಿತ್ತೋ ದೇವರಿಗೇ ಗೊತ್ತು. ಫ್ರೇಮಿನ ಒಳಗಿನ ಪ್ಯಾನಲ್‌ಗಳನ್ನ ಗಮ್ ಹಾಕಿ ಕೂರಿಸಿದೆ, ಅದು ಎರಡನೇ ತಪ್ಪು, ಪ್ಯಾನಲ್ ಯಾವತ್ತೂ ಫ್ರೇಮಿನ ತೋಡಿನಲ್ಲಿ ಸಡಿಲವಾಗಿ ಕೂತಿರಬೇಕು. ನಾಲ್ಕು ತಿಂಗಳಿಗೆ ಎರಡೂ ಪ್ಯಾನಲ್ ಉದ್ದಕ್ಕೆ ಬಿರುಕು. ಪೂರ್ತಿ ಬಾಗಿಲು ಮತ್ತೆ ಮಾಡಿಕೊಟ್ಟೆ, ಕೂಲಿ ಇಲ್ಲ, ಮರ ಕೂಡ ನನ್ನದೇ. ಈಗ ತೇವ ಅಳೆಯೋ ಮೀಟರ್ ಇಟ್ಕೊಂಡಿದೀನಿ, ಎರಡು ಮುಳ್ಳು ಚುಚ್ಚಿದ್ರೆ ನಂಬರ್ ತೋರಿಸತ್ತೆ, ಮನೆಯೊಳಗಿನ ಸಾಮಾನಿಗೆ ತೇವ ನೂರಕ್ಕೆ 8ರಿಂದ 12ರ ಒಳಗೆ ಬಂದ್ರೆ ಮಾತ್ರ ಕೈ ಹಾಕ್ತೀನಿ. ಮೀಟರ್ ತಗೊಳ್ಳೋಕೆ ಆ ಬಾಗಿಲಿಗೆ ಹೋದ ದುಡ್ಡಿನ ಒಂದು ಚೂರು ಸಾಕಾಗಿತ್ತು.

ದಿನದ ಕೆಲಸ ಹೇಗಿರತ್ತೆ ಅಂತ ಕೇಳೋರು ಸುತ್ತಿಗೆ ಗರಗಸ ಅಂದ್ಕೊಂಡಿರ್ತಾರೆ. ನಿಜವಾಗಿ ಮರ ಕುಯ್ಯೋದು ಕಮ್ಮಿ, ಅಳೆಯೋದು ಜಾಸ್ತಿ. ಗೋಡೆ ಯಾವತ್ತೂ ನೇರ ಇರಲ್ಲ. ಮೂಲೆ 90 ಅಂತ ನಂಬಿ ಕುಯ್ದರೆ ಕೆಟ್ಟೆವು, ಹಾಗಾಗಿ ಒಂದು ಗೋಡೆ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ ಎರಡರ ಮಧ್ಯ 5 ಅಡಿ ಬರತ್ತಾ ನೋಡ್ತೀವಿ. ಪೆಟ್ಟಿಗೆ ಜೋಡಿಸಿದಮೇಲೆ ಕರ್ಣ ಎರಡೂ ಅಳೆದು ಒಂದೇ ಬರತ್ತಾ ನೋಡ್ತೀವಿ, 2 ಮಿಲಿಮೀಟರ್ ವ್ಯತ್ಯಾಸ ಇದ್ರೂ ಬಾಗಿಲು ಕೂರಿಸುವಾಗ ಅದು ಸೇಡು ತೀರಿಸ್ಕೊಳ್ಳತ್ತೆ. ಗಮ್ ಒಣಗೋ ಮುಂಚೆ ಕ್ಲಾಂಪನ್ನ ಸ್ವಲ್ಪ ಓರೆ ಮಾಡಿ ಎಳೆದು ಸರಿ ಮಾಡಬೇಕು, ಆಮೇಲೆ ಏನೂ ಮಾಡೋಕಾಗಲ್ಲ. ಗೋಡೆಗೆ ಒರಗೋ ಪಟ್ಟಿಗೆ ಗೋಡೆಯ ಉಬ್ಬುತಗ್ಗನ್ನೇ ಪೆನ್ಸಿಲಲ್ಲಿ ಎಳ್ಕೊಂಡು ಆ ಗೆರೆಗೆ ಕುಯ್ದು ಹತ್ತರಿ ಹೊಡೆದು ಕೂರಿಸ್ತೀವಿ. ನೋಡೋರಿಗೆ ಗೋಡೆನೇ ನೇರ ಇದೆ ಅನ್ಸತ್ತೆ.

ಹೋದ ವರ್ಷ ಒಂದು ಸಲ ಹಠ ಹಿಡಿದು ಒಂದು ತಿಂಗಳು ಪುಸ್ತಕದಲ್ಲಿ ದಿನಾ ಬರೆದಿಟ್ಟೆ, ಯಾವ ಗಂಟೆ ಯಾವುದಕ್ಕೆ ಹೋಯ್ತು ಅಂತ. ಆ ತಿಂಗಳು 26 ದಿನ ಕೆಲಸಕ್ಕೆ ಹೋಗಿದ್ದೆ. ಬಿಲ್ ಮಾಡೋಕೆ ಆಗೋವಂಥ ಕೆಲಸ, ಅಂದ್ರೆ ಕುಯ್ಯೋದು ಜೋಡಿಸೋದು ಕೂರಿಸೋದು, ಎಲ್ಲ ಸೇರಿ 18 ದಿನ. ಉಳಿದ 8 ದಿನ ಅಳತೆ ನೋಡೋಕೆ ಹೋಗಿದ್ದು, ಸಾಮಾನು ತರೋಕೆ ಹೋಗಿದ್ದು, ಕಟಿಂಗ್ ಲಿಸ್ಟ್ ಬರೆದಿದ್ದು, ಬ್ಲೇಡ್ ಬದಲಿಸಿದ್ದು, ಹಳೇ ಕೆಲಸದ ಹಿಂಜ್ ಸಡಿಲ ಆಗಿದೆ ಅಂತ ಕರೆದ್ರೆ ಹೋಗಿ ತಿರುಗಿಸಿ ಬಂದಿದ್ದು, ಒಪ್ಪಿಕೊಳ್ಳದೇ ಹೋದ ಕೊಟೇಶನ್‌ಗಳು. ಇಷ್ಟೂ ದಿನ ನಾನು ತಿಂಗಳ ಖರ್ಚನ್ನ 26ರಿಂದ ಭಾಗಿಸಿ ದಿನಕ್ಕೆ ಇಷ್ಟು ಬಂದ್ರೆ ಸಾಕು ಅಂತ ರೇಟ್ ಹೇಳ್ತಿದ್ದೆ. 18ರಿಂದ ಭಾಗಿಸಬೇಕಿತ್ತು. ಅಂದ್ರೆ ಬೇಕಾಗಿದ್ದ ರೇಟಿನ ಮೂರರಲ್ಲಿ ಒಂದು ಭಾಗ, ಹತ್ತಹತ್ರ ಅಷ್ಟು, ನಾನೇ ಬಿಟ್ಟುಕೊಟ್ಟಿದೀನಿ, ಅದೂ ಬ್ಲೇಡು, ಡ್ರಿಲ್ ಬಿಟ್, ಮಶೀನು ಸವೆಯೋದು ಸೇರಿಸದೇ. ನೀವು ಸ್ವಂತ ಕೆಲಸ ಮಾಡೋರಾದ್ರೆ ದಯವಿಟ್ಟು ಒಂದು ತಿಂಗಳು ಹೀಗೆ ಬರೆದಿಟ್ಟು ನೋಡಿ.

ಇನ್ನೊಂದು, ಮೆಟೀರಿಯಲ್ ದುಡ್ಡು ಬೇರೆ, ಕೂಲಿ ದುಡ್ಡು ಬೇರೆ ಇಟ್ಕೊಳ್ಳಿ. ಮೆಟೀರಿಯಲ್ ಪೂರ್ತಿ ಅಡ್ವಾನ್ಸ್, ಕೂಲಿ ಮೂರು ಕಂತು, ಕೊನೇ ಕಂತು ಸಣ್ಣದಿರಲಿ. ಒಬ್ಬ ದೊಡ್ಡ ಕಾಂಟ್ರ್ಯಾಕ್ಟರ್ ಕೈಕೆಳಗೆ ಕೆಲಸ ಮಾಡಿದಾಗ ಅರ್ಧ ಕೂಲಿ ಕೊನೆಗೆ ಅಂತ ಒಪ್ಕೊಂಡೆ, ಮುಗಿದಮೇಲೆ ಬಣ್ಣ ಸರಿ ಇಲ್ಲ, ಹ್ಯಾಂಡಲ್ ಸರಿ ಇಲ್ಲ ಅಂತ ಏಳು ತಿಂಗಳು ಅಲೆಸಿದ್ರು, ಕೊನೆಗೆ ಸ್ವಲ್ಪ ಬಂತು, ಉಳಿದಿದ್ದು ಬರಲೇ ಇಲ್ಲ. ನಾನು ಹುಡುಗರಿಗೆ ಆ ತಿಂಗಳುಗಳ ಕೂಲಿ ಕೊಡೋಕೆ ಮಶೀನ್ ಮಾರಿದೀನಿ. ಅಷ್ಟೇ ಬರೀತೀನಿ ಅದರ ಬಗ್ಗೆ.

ಹೊಸ ಹುಡುಗರಿಗೆ ಮೊದಲ ದಿನವೇ ಹೇಳಬೇಕಾದ್ದು, ಯಾವ ರೇಟಲ್ಲಿ ಕೆಲಸ ಮಾಡ್ತಿದ್ರೂ ಹೇಳಲೇಬೇಕಾದ್ದು, ಮೈ ಕಾಪಾಡ್ಕೊಳ್ಳೋದು. ತಿರುಗೋ ಬ್ಲೇಡ್ ಹತ್ರ ಗ್ಲೌಸ್ ಹಾಕಬಾರದು, ಬಟ್ಟೆ ಸಿಕ್ಕಿದ್ರೆ ಕೈಯನ್ನೇ ಒಳಗೆ ಎಳ್ಕೊಳ್ಳತ್ತೆ. ಸಣ್ಣ ಪೀಸ್ ಕೈಯಲ್ಲಿ ತಳ್ಳಬಾರದು, ತಳ್ಳೋಕೆ ಒಂದು ಮರದ ಕಡ್ಡಿ ಮಾಡಿಟ್ಕೊಳ್ಳಬೇಕು. ಟೇಬಲ್ ಗರಗಸದಲ್ಲಿ ಪೀಸ್ ಬ್ಲೇಡಿಗೂ ಫೆನ್ಸಿಗೂ ಮಧ್ಯ ಸಿಕ್ಕಿಹಾಕ್ಕೊಂಡ್ರೆ ಬ್ಲೇಡಿನ ಹಿಂದಿನ ಹಲ್ಲು ಅದನ್ನ ಎತ್ತಿ ನಮ್ಮ ಕಡೆಗೇ ಎಸೆಯತ್ತೆ, ಅದಕ್ಕೇ ಬ್ಲೇಡ್ ಹಿಂದೆ ಒಂದು ತೆಳ್ಳನೆ ತಗಡು ಇರತ್ತೆ, ಕುಯ್ದ ಸಂದು ಮುಚ್ಚಿಕೊಳ್ಳದ ಹಾಗೆ. ಅಡ್ಡ ಬರತ್ತೆ ಅಂತ ಮೊದಲ ದಿನವೇ ಅದನ್ನ ಬಿಚ್ಚಿ ಎಸೆಯೋರನ್ನ ನೋಡಿದೀನಿ. ಅವರಲ್ಲೇ ಒಬ್ಬರಿಗೆ ಈಗ ಎಡಗೈಯಲ್ಲಿ ಮೂರು ಬೆರಳಿದೆ.

ಬೆರಳು ಹೋದ್ರೆ ಆ ಕ್ಷಣವೇ ಗೊತ್ತಾಗತ್ತೆ. ಕಿವಿ ಮತ್ತೆ ಶ್ವಾಸಕೋಶ ಹೋಗೋದು ಗೊತ್ತಾಗಲ್ಲ. ದಿನಕ್ಕೆ ಎಂಟು ಗಂಟೆ ಕೇಳಿಸಿಕೊಳ್ಳೋಕೆ 85 ಡೆಸಿಬೆಲ್ ಮಿತಿ ಅಂತಾರೆ, 3 ಡೆಸಿಬೆಲ್ ಏರಿದ ಹಾಗೆಲ್ಲ ಸಮಯ ಅರ್ಧಕ್ಕೆ ಇಳಿಯತ್ತೆ, 100 ತಲುಪೋ ಹೊತ್ತಿಗೆ ಕಾಲು ಗಂಟೆಗೆ ಬಂದು ನಿಲ್ಲತ್ತೆ, ನಮ್ಮ ಕಟಿಂಗ್ ಮಶೀನುಗಳು ಆರಾಮಾಗಿ ಅಲ್ಲೀವರೆಗೆ ಹೋಗತ್ವೆ. ಮರದ ಧೂಳು ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಖಚಿತ ಪಟ್ಟಿಗೆ ಸೇರಿಸಿದೆ, ಮುಖ್ಯವಾಗಿ ಮೂಗಿನ ಕ್ಯಾನ್ಸರ್. ನನ್ನ ಮೇಸ್ತ್ರಿ ಕೊನೇ ವರ್ಷಗಳಲ್ಲಿ ನಾನು ಮಾತಾಡಿದ್ರೆ ಬಾಯಿ ನೋಡಿ ಅರ್ಥ ಮಾಡ್ಕೊಳ್ತಿದ್ರು, ಕಿವಿ ಕೇಳ್ತಿರಲಿಲ್ಲ. ಅವರ ಕಾಲದಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ಕಾಲದಲ್ಲಿ ಗೊತ್ತಿದ್ದೂ ಹುಡುಗರಿಗೆ ಮಾಸ್ಕು ಇಯರ್ ಮಫ್ಫು ಕೊಡದೇ ನಿಲ್ಲಿಸೋದು ತಪ್ಪು, ದೊಡ್ಡ ತಪ್ಪು, ಇದರಲ್ಲಿ ನನಗೆ ಎರಡು ಮಾತಿಲ್ಲ. ಅದನ್ನ ಹುಡುಗನ ಕೂಲಿಯಲ್ಲಿ ಹಿಡಿಯೋದು ಇನ್ನೂ ದೊಡ್ಡ ತಪ್ಪು.

ಹೆಲ್ಪರ್ ಆಗಿ ಸೇರಬೇಕು ಅಂತಿರೋರು ಕೂಲಿ ಎಷ್ಟು ಅಂತ ಕೇಳೋ ಜೊತೆಗೆ ಇನ್ನೂ ಮೂರು ಮಾತು ಕೇಳಿ. ನನಗೆ ಅಳತೆ ಹಾಕೋಕೆ ಯಾವಾಗ ಬಿಡ್ತೀರಿ, ಕೂಲಿ ಯಾವಾಗ ಏರತ್ತೆ, ಏನು ಕಲ್ತಮೇಲೆ ಏರತ್ತೆ. ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳೋ ಮೇಸ್ತ್ರಿ ಸಿಕ್ಕಿದ್ರೆ ಮೊದಲ ವರ್ಷ ಸ್ವಲ್ಪ ಕಮ್ಮಿ ಕೂಲಿ ಆದ್ರೂ ಅವರ ಹತ್ರ ನಿಲ್ಲಿ. ಎರಡು ವರ್ಷ ಆದ್ರೂ ಬರೀ ಹೊರೋದು ಉಜ್ಜೋದು ಅಂದ್ರೆ ಬಿಟ್ಟು ಹೊರಡಿ, ಋಣ ಗಿಣ ಅಂತ ಕೂರಬೇಡಿ. ಇದನ್ನ ನನ್ನ ಹುಡುಗನೂ ಓದ್ತಾನೆ, ಗೊತ್ತಿದ್ದೇ ಬರೆದಿದೀನಿ.

ಶೀಟ್ ಹಾಳಾದ ಮಾರನೇ ದಿನದಿಂದ ಒಂದು ಬದಲಾವಣೆ ಮಾಡಿದೀನಿ. ವಾರಕ್ಕೆ ಒಂದು ಅರ್ಧ ದಿನ ಕಾಂಟ್ರ್ಯಾಕ್ಟ್ ಕೆಲಸ ಇಲ್ಲ. ಅವನಿಗೆ ಪೂರ್ತಿ ಕೂಲಿ, ನಾನೂ ಅವನ ಜೊತೆ. ಮೊದಲ ವಾರ ಸಾಣೆ. ಎರಡನೇ ವಾರ ಕಟಿಂಗ್ ಲಿಸ್ಟ್ ಬರೆಯೋದು, ಬ್ಲೇಡಿನ ದಪ್ಪ ಸೇರಿಸಿ. ಆಮೇಲೆ ಒಂದು ಮರದಲ್ಲಿ ಚೌಕ ತೂತು ತೆಗೆದು ಇನ್ನೊಂದರ ತುದಿಯಲ್ಲಿ ಅದಕ್ಕೆ ಸರಿಯಾಗಿ ಕೂರೋ ನಾಲಗೆ ಮಾಡೋ ಜಾಯಿಂಟ್, ನಾಲಗೆ ದಪ್ಪ ಮರದ ಮೂರರಲ್ಲಿ ಒಂದು ಭಾಗ, ಕೈಯಲ್ಲಿ ಒತ್ತಿದ್ರೆ ಒಳಗೆ ಹೋಗಬೇಕು, ತಲೆಕೆಳಗೆ ಹಿಡಿದ್ರೆ ಬೀಳಬಾರದು. ಇದಕ್ಕೆ ದುಡ್ಡು ಎಲ್ಲಿಂದ ಅಂದ್ರೆ, ಕೊಟೇಶನ್‌ನಲ್ಲಿ ಒಂದು ಲೈನ್ ಸೇರಿಸಿದೀನಿ, ಹುಡುಗನ ತರಬೇತಿ ಅಂತ, ಮರೆಮಾಚದೇ, ಸಣ್ಣ ಮೊತ್ತ. ಈವರೆಗೆ ಮೂರು ಜನಕ್ಕೆ ಕಳ್ಸಿದೀನಿ. ಒಬ್ಬರು ನಿಮ್ಮ ಹುಡುಗ ಕಲಿಯೋಕೆ ನಾವ್ಯಾಕೆ ಕೊಡಬೇಕು, ಆ ಲೈನ್ ತೆಗೀರಿ ಅಂದ್ರು. ತೆಗೀಲಿಲ್ಲ, ಆ ಕೆಲಸ ಹೋಯ್ತು. ಇನ್ನೊಬ್ಬರು ಏನೂ ಕೇಳದೇ ಒಪ್ಪಿದ್ರು. ಮೂರನೇಯವರು, ವಯಸ್ಸಾದ ಅಮ್ಮ, ಆ ಲೈನ್ ಎರಡು ಸಲ ಓದಿ, ಹಾಗಾದ್ರೆ ನಮ್ಮ ಡ್ರಾಯರ್ ಒಂದನ್ನ ಅವನ ಕೈಯಲ್ಲೇ ಮಾಡಿಸಿ, ನೀವು ಪಕ್ಕ ನಿಂತಿರಿ ಅಂದ್ರು. ಸೋಮವಾರ ಅಲ್ಲಿ ಕೆಲಸ ಶುರು.